ಹಳದಿ ತಿರುಗಿದ ಹಳೆ ಲೆನ್ಸು, 2500 ಹೇಳ್ತಾರೆ. ತಗೊಳ್ಳಬಹುದಾ?

ಬದಿಯಡ್ಕದ ಬಡಪಾಯಿ (ಸೋಮವಾರ, ರಾತ್ರಿ 9.10)
ಎಲ್ಲರಿಗೂ ನಮಸ್ಕಾರ. ನಿನ್ನೆ ಮಳೆಗೆ ಸಿಕ್ಕಿಬಿದ್ದು ಉಪ್ಪಳ ಪೇಟೆಯಲ್ಲಿ ಒಂದು ಹಳೆ ಸಾಮಾನಿನ ಅಂಗಡಿಯ ಮಾಡಿನ ಕೆಳಗೆ ನಿಂತಿದ್ದೆ. ಮಿಕ್ಸಿ, ಟೇಪ್ ರೆಕಾರ್ಡರ್, ಇಸ್ತ್ರಿಪೆಟ್ಟಿಗೆಗಳ ಎಡೆಯಲ್ಲಿ ಒಂದು ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ ಕ್ಯಾಮೆರಾ. ಕ್ಯಾಮೆರಾ ಸತ್ತಿದೆ, ಶಟರ್ ಅರ್ಧಕ್ಕೆ ನಿಲ್ಲುತ್ತದೆ. ಆದರೆ ಅದರಲ್ಲಿರುವ ಲೆನ್ಸು ಸೂಪರ್ ಟಾಕುಮಾರ್ 50 ಮಿ.ಮೀ., ಎಫ್ 1.4, ಅಂದರೆ ಕಮ್ಮಿ ಬೆಳಕಿಗೂ ಆಗುವಂಥದ್ದು. ಫೋಕಸ್ ರಿಂಗ್ ಎಲ್ಲೂ ಹಿಡಿಯದೆ ನುಣ್ಣಗೆ ತಿರುಗುತ್ತದೆ.

ಎರಡು ಸಂಶಯ. ಒಂದು, ಗಾಜು ಹಳದಿ. ಒರೆಸಿದರೆ ಹೋಗುವ ಹಳದಿ ಅಲ್ಲ. ಬಿಲ್ ಪುಸ್ತಕದ ಬಿಳಿ ಹಾಳೆಯ ಮೇಲೆ ಇಟ್ಟು ನೋಡಿದೆ, ತೆಳು ಕಣ್ಣ ಚಾಯದ (ಹಾಲು ಹಾಕದ ಚಾ) ಬಣ್ಣ. ಎರಡು, ಒಳಗೆ ಅಂಚಿನಲ್ಲಿ ಬಿಳಿ ನೂಲಿನ ಹಾಗೆ ಏನೋ ಉಂಟು. 2500 ಹೇಳಿದರು. ನನ್ನದು ಕ್ಯಾನನ್ 200ಡಿ, ಅದರೊಟ್ಟಿಗೆ ಬಂದ 18-55 ಬಿಟ್ಟರೆ ಬೇರೆ ಲೆನ್ಸಿಲ್ಲ. ಕೊಳ್ಳಬಹುದಾ, ದುಡ್ಡು ನೀರಿಗೆ ಹಾಕಿದ ಹಾಗೆ ಆಗುತ್ತದಾ?

ಪಕ್ಕದಲ್ಲಿ ಒಂದು 135 ಮಿ.ಮೀ. ಲೆನ್ಸು ಕೂಡ ಇತ್ತು. ಸರಿಯಾಗಿ ನೋಡುವಷ್ಟರಲ್ಲಿ ಬಸ್ ಬಂತು.

ಆಟೋಫೋಕಸ್ ಭಕ್ತ
ಬೇಡ. 2500, ಅದನ್ನು ನಿಮ್ಮ ಕ್ಯಾನನ್‌ಗೆ ಕೂರಿಸುವ ಅಡಾಪ್ಟರ್‌ಗೆ ಐನೂರು ಚಿಲ್ಲರೆ, ಕ್ಲೀನ್ ಮಾಡಿಸಲು ಇನ್ನೊಂದು ಸಾವಿರ. ಅದಕ್ಕೆ ಸ್ವಲ್ಪ ಸೇರಿಸಿ ಸೆಕೆಂಡ್ ಹ್ಯಾಂಡ್ ಕ್ಯಾನನ್ 50 ಎಫ್ 1.8 ತಗೊಳ್ಳಿ. ತಾನೇ ಫೋಕಸ್ ಮಾಡುತ್ತದೆ. ಹಳೆ ಕಬ್ಬಿಣಕ್ಕೆ ಮರುಳಾಗುವುದು ಯೂಟ್ಯೂಬಿನ ಕಾಯಿಲೆ.

ಸ್ಟುಡಿಯೋ ಮಾಮ
ಭಕ್ತರೇ, ಅದು ಕಬ್ಬಿಣವಲ್ಲ, ಹಿತ್ತಾಳೆ ಮತ್ತು ಅಲ್ಯುಮಿನಿಯಂ. ಕೈಯಲ್ಲಿ ಹಿಡಿದು ನೋಡಿದ್ದೀರಾ?

ಬಡಪಾಯಿ, ಹಳದಿಗೆ ಹೆದರಬೇಡ ಮಾರಾಯ. ಅದು ಕೊಳೆಯಲ್ಲ. ಆ ಲೆನ್ಸಿನ ಒಂದು ಗಾಜಿಗೆ ಥೋರಿಯಂ ಸೇರಿಸಿದ್ದಾರೆ, ಬೆಳಕು ಚೆನ್ನಾಗಿ ಬಾಗಲಿ ಅಂತ. ವರ್ಷಗಟ್ಟಲೆ ಕತ್ತಲಲ್ಲಿ ಬಿದ್ದುಕೊಂಡರೆ ಅದರ ವಿಕಿರಣದಿಂದ ಗಾಜೇ ಹಳದಿ ಆಗುತ್ತದೆ. ಬಿಸಿಲಿಗೆ ಇಟ್ಟರೆ ಮೆಲ್ಲಗೆ ಬಿಳುಪಾಗುತ್ತದೆ. 1964ರಲ್ಲಿ ಬಂದ ಮೊದಲ ಮಾದರಿಯಲ್ಲಿ ಎಂಟು ಗಾಜು, ಅದರಲ್ಲಿ ಥೋರಿಯಂ ಇಲ್ಲ. ಆಮೇಲೆ ಏಳು ಗಾಜಿನದ್ದು ಬಂತು, ಹಳದಿ ಆಗುವುದು ಅದು. ನಿನ್ನದು ಏಳರದ್ದು.

ನೂಲು ಅಂದೆಯಲ್ಲ, ನನಗೆ ಚಿಂತೆ ಅದರದ್ದು. ಟಾರ್ಚ್ ಬಿಟ್ಟು ನೋಡಿದ್ದೀಯಾ?

ಬದಿಯಡ್ಕದ ಬಡಪಾಯಿ
ಇಲ್ಲ ಮಾಮ. ಅಂಗಡಿಯಲ್ಲಿ ಕರೆಂಟ್ ಇರಲಿಲ್ಲ. ಬಾಗಿಲ ಹತ್ತಿರ ಬಂದು ಆಕಾಶಕ್ಕೆ ಹಿಡಿದು ನೋಡಿದ್ದು.

ಪೆರ್ಲದ ಪೆನ್‌ಟಾರ್ಚ್
ವಿಕಿರಣ ಅಂದ್ರಾ? ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇಡಬಹುದಾ?

ಚೌಕಿಮನೆ
ಕೊಲ್ಲಂ ಕಡೆ ಚವರದ ಕಡಲ ಕರೆಯ ಕರಿ ಮರಳಿನಲ್ಲೂ ಥೋರಿಯಂ ಉಂಟು. ಆ ಮರಳಿನ ಮೋನಜೈಟ್ ಅನ್ನುವ ಖನಿಜದಲ್ಲಿ ಇರುವುದು ಅದು. ಅಲ್ಲಿ ಜನ ತಲೆಮಾರುಗಳಿಂದ ಮನೆ ಕಟ್ಟಿಕೊಂಡು ಇದ್ದಾರೆ. ಒಂದು ಲೆನ್ಸಿಗೆ ಇಷ್ಟು ಹೆದರಿಕೆಯಾ?

ಪೆರ್ಲದ ಪೆನ್‌ಟಾರ್ಚ್
ಅವರಿದ್ದಾರೆ ಅಂತ ನಾನೂ ಇರಬೇಕಾ? ಕೇಳಿದ್ದಕ್ಕೆ ಉತ್ತರ ಹೇಳಿ.

ಸ್ಟುಡಿಯೋ ಮಾಮ
ಉತ್ತರ ಇಷ್ಟೇ: ಫೋಟೋ ತೆಗೆಯಲು ಏನೂ ತೊಂದರೆ ಇಲ್ಲ. ದಿಂಬಿನ ಅಡಿಯಲ್ಲಿ ಇಟ್ಟು ಮಲಗಬೇಡಿ, ಗಾಜು ಒಡೆದರೆ ಪುಡಿಯನ್ನು ಕೈಯಿಂದ ಬಾಚಬೇಡಿ. ಥೋರಿಯಂ ಅರ್ಧ ಆಗಲು 1400 ಕೋಟಿ ವರ್ಷ ಬೇಕು. ಅಷ್ಟು ನಿಧಾನವಾಗಿ ಕರಗುವ ವಸ್ತು ಅದು. ಹಾಗಾಗಿ ಬಿಸಿಲಿಗೆ ಇಟ್ಟು ಹಳದಿ ತೆಗೆದರೂ ಮತ್ತೆ ಹತ್ತಾರು ವರ್ಷ ಕತ್ತಲಲ್ಲಿಟ್ಟರೆ ವಾಪಸ್ ಬರುತ್ತದೆ. ಉಪಯೋಗಿಸ್ತಾ ಇರಬೇಕು, ಅದೇ ಮದ್ದು.

ನೀರ್ಚಾಲು ಭಾವ
ಬಿಸಿಲಿಗೆ ಇಡಿ ಅನ್ನುತ್ತಾರಲ್ಲ, ಆಟಿ ತಿಂಗಳಲ್ಲಿ ಬಿಸಿಲು ಎಲ್ಲಿಂದ ತರುವುದು ಮಾವ? ನಮ್ಮಲ್ಲಿ ಹನ್ನೊಂದು ದಿನದಿಂದ ಅಂಗಿ ಒಣಗಿಲ್ಲ.

ಚೌಕಿಮನೆ
😂😂 ಒಲೆಯ ಮೇಲೆ ಅಡಿಕೆಯೊಟ್ಟಿಗೆ ಇಡಿ ಭಾವ.

ನೀರ್ಚಾಲು ಭಾವ
ನಗಾಡಬೇಡಿ. ಬಿಸಿಲಿಗೆ ಇಡುವವರು ನನ್ನ ಕಥೆ ಕೇಳಿ. ಮೂರು ವರ್ಷದ ಹಿಂದೆ ಇಂಥದ್ದೇ ಒಂದು 55ರ ಲೆನ್ಸನ್ನು ಫೆಬ್ರವರಿಯಲ್ಲಿ ಅಂಗಳದಲ್ಲಿ ಇಟ್ಟೆ, ಎರಡೂ ಬದಿಯ ಮುಚ್ಚಳ ತೆಗೆದು. ಕೆಳಗೆ ಹಳೆ ಬೈರಾಸು (ಟವಲು). ಊಟ ಮಾಡಿ ಬರುವಾಗ ಹೊಗೆ! ಬೈರಾಸಿನಲ್ಲಿ ಒಂದು ರೂಪಾಯಿ ಅಗಲದ ತೂತು. ಪಕ್ಕದಲ್ಲೇ ಸೋಗೆ ರಾಶಿ ಇತ್ತು. ಅದಕ್ಕೆ ಹಿಡಿದಿದ್ದರೆ ಹಟ್ಟಿಯೂ ಹೋಗ್ತಿತ್ತು. ಲೆನ್ಸು ಅಂದರೆ ಭೂತಗನ್ನಡಿ ಅಂತ ಆ ದಿನ ನೆನಪಾಗಲೇ ಇಲ್ಲ ನನಗೆ. ಒಂದು ಬದಿಗೆ ಅಲ್ಯುಮಿನಿಯಂ ಫಾಯಿಲ್ ಸುತ್ತಿ ಇಡಬೇಕು. ಬೆಳಕು ಒಳಗೇ ತಿರುಗಿ ಬರುತ್ತದೆ, ಹೊರಗೆ ಬೆಂಕಿ ಆಗುವುದಿಲ್ಲ.

ಬ್ಯೂಟಿ ಪಾರ್ಲರ್ ತಮ್ಮ
ಮಳೆಗಾಲಕ್ಕೆ ನನ್ನ ಹತ್ತಿರ ಉಪಾಯ ಉಂಟು. ಅಕ್ಕನ ಪಾರ್ಲರಿನಲ್ಲಿ ಉಗುರಿನ ಬಣ್ಣ ಒಣಗಿಸುವ ಯುವಿ ದೀಪ ಇದೆಯಲ್ಲ, ಅದರೊಳಗೆ ಇಟ್ಟೆ. ಒಂದು ವಾರದಲ್ಲಿ ಹಳದಿ ಸುಮಾರು ಇಳಿಯಿತು. ಆ ದೀಪ ಒಂದೆರಡು ನಿಮಿಷಕ್ಕೆ ತಾನೇ ಆರುತ್ತದೆ. ಮತ್ತೆ ಮತ್ತೆ ಒತ್ತುತ್ತಾ ಇರಬೇಕು, ಅದೊಂದೇ ರಗಳೆ.

ಆಟೋಫೋಕಸ್ ಭಕ್ತ
ಅಂದರೆ ಒಂದು ವಾರ ಪಾರ್ಲರಿನಲ್ಲಿ ಕೂತು ಗುಂಡಿ ಒತ್ತಬೇಕು. ಇದಕ್ಕಾ ನೀವು ಹವ್ಯಾಸ ಅನ್ನುವುದು?

ಬ್ಯೂಟಿ ಪಾರ್ಲರ್ ತಮ್ಮ
ಅಕ್ಕ ಫೇಶಿಯಲ್ ಕೂಡ ಮಾಡಿಕೊಟ್ಟಳು. ನಷ್ಟ ಏನಿಲ್ಲ.

ತಲಪಾಡಿ ದಾಟಿದವ
ಹಳದಿಯ ವಿಚಾರ ಸಾಕು, ಮೌಂಟ್, ಅಂದರೆ ಲೆನ್ಸು ಕ್ಯಾಮೆರಾಕ್ಕೆ ಕೂರುವ ಬಾಯಿ, ಯಾವುದು ಅಂತ ಯಾರೂ ಕೇಳಿಲ್ಲ. ಸ್ಪಾಟ್‌ಮ್ಯಾಟಿಕ್ ಅಂದರೆ ಎಂ42, ತಿರುಪಿನದ್ದು. ನಿಮ್ಮ ಪುಣ್ಯಕ್ಕೆ ಕ್ಯಾನನ್ ಉಂಟು. ಎಂ42 ಲೆನ್ಸು ಸೆನ್ಸರಿನಿಂದ 45.46 ಮಿ.ಮೀ. ದೂರ ಇರಬೇಕು. ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ ಆ ದೂರ 44. ನಡುವೆ ಉಳಿಯುವ ಒಂದೂವರೆ ಮಿಲಿಮೀಟರಿಗೆ ಅಡಾಪ್ಟರ್ ಕೂರುತ್ತದೆ. ನಿಕಾನ್‌ನಲ್ಲಿ 46.5, ಅಂದರೆ ಮೊದಲೇ ಜಾಸ್ತಿ. ಹತ್ತಿರದ್ದು ಸರಿ ಕಾಣುತ್ತದೆ, ದೂರದ ಗುಡ್ಡ ಮಸುಕು. ಗಾಜಿರುವ ಅಡಾಪ್ಟರ್ ಬೇಕು, ಅದು ಹಾಕಿದರೆ ಚಿತ್ರದ ಚಂದ ಹೋಗುತ್ತದೆ.

ಅಂಗಡಿಯಲ್ಲಿ ಹಳೆ ಕ್ಯಾನನ್ ಎಫ್‌ಡಿ ಲೆನ್ಸು ಸಿಕ್ಕಿದರೆ "ನನ್ನದೂ ಕ್ಯಾನನ್ ಅಲ್ವಾ" ಅಂತ ಹಾರಬೇಡಿ. ಎಫ್‌ಡಿಗೆ ಬೇಕಾದ ದೂರ 42, ನಿಮ್ಮ ಬಾಡಿಯಲ್ಲಿ ಮೊದಲೇ 44, ಅಷ್ಟು ಹತ್ತಿರ ಕೂರಿಸಲು ಆಗುವುದೇ ಇಲ್ಲ. ಮಿನೋಲ್ಟಾ ರೊಕ್ಕೋರ್ ಕೂಡ ಹಾಗೆಯೇ, 43.5. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಇದ್ದವರಿಗೆ ಈ ತಲೆಬಿಸಿ ಇಲ್ಲ, ಸೋನಿಯಲ್ಲಿ ಬರೀ 18. ಯಾವ ಹಳೆ ಲೆನ್ಸಾದರೂ ಕೂರುತ್ತದೆ.

ಮಂಜೇಶ್ವರ ಮೀನು
ಇನ್ನೊಂದು ಸೇರಿಸುತ್ತೇನೆ. 42 ಮಿ.ಮೀ. ತಿರುಪು ಕಂಡ ಕೂಡಲೇ ಎಂ42 ಅನ್ನಬಾರದು. ಟಿ ಮೌಂಟ್ ಅಂತ ಉಂಟು, ಅದೂ 42. ಆದರೆ ಎಳೆಗಳ ನಡುವಿನ ದೂರ 0.75 ಮಿ.ಮೀ., ಎಂ42ಗೆ 1. ಅರ್ಧ ಸುತ್ತು ಹೋಗಿ ಸಿಕ್ಕಿಕೊಳ್ಳುತ್ತದೆ. ನಾನು ಬಲ ಹಾಕಿ ತಿರುಗಿಸಿ ಅಡಾಪ್ಟರಿನ ಎಳೆ ಕಳೆದೆ. ಆ 135 ಅಂಥದ್ದೇ ಇರಬಹುದು, ನೋಡಿ ತಗೊಳ್ಳಿ.

ಮೌನಿ_671
ಉಪ್ಪಳದಲ್ಲಿ ಎಲ್ಲಿ ಅಂದಿರಿ ಅಂಗಡಿ?

ಬದಿಯಡ್ಕದ ಬಡಪಾಯಿ
ಮೊದಲು ನಾನು ತಗೊಳ್ಳುತ್ತೇನಾ ನೋಡೋಣ, ಆಮೇಲೆ ಹೇಳುತ್ತೇನೆ 😄 ಬಸ್ಸಿಗೆ ಕಾಯುವವರು ಮಳೆ ಬಂದರೆ ಓಡಿ ನಿಲ್ಲುವ ಜಾಗ, ಅಷ್ಟು ಸಾಕು.

ಆಟೋಫೋಕಸ್ ಭಕ್ತ
ನೂಲು ಅಂದರೆ ಫಂಗಸ್. ಫಂಗಸ್ ಬಂದದ್ದನ್ನು ಮನೆಯೊಳಗೇ ತರಬಾರದು, ಉಳಿದ ಲೆನ್ಸಿಗೂ ಅಂಟುತ್ತದೆ. ಇದರಲ್ಲಿ ಚರ್ಚೆಯೇ ಇಲ್ಲ.

ಪೆರ್ಲದ ಪೆನ್‌ಟಾರ್ಚ್
ಚರ್ಚೆ ಇದೆ. ಬೀಜಕಣ ಗಾಳಿಯಲ್ಲೇ ಇರುತ್ತದೆ, ನಿಮ್ಮ ಹೊಸ ಲೆನ್ಸಿನ ಮೇಲೂ ಈಗಲೇ ಕೂತಿರುತ್ತದೆ. ಅದು ಮೊಳೆಯಲು ತೇವ ಬೇಕು. ಹವೆಯ ತೇವಾಂಶ 70 ಶೇಕಡಾ ದಾಟಿ ದಿನಗಟ್ಟಲೆ ನಿಂತರೆ ಮೊಳೆಯುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 70ರ ಕೆಳಗೆ ಇಳಿಯುವುದೇ ಅಪರೂಪ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಮಾರ್ರೆ ಇದು. ಒಣ ಡಬ್ಬದಲ್ಲಿ ಇಟ್ಟರೆ ಫಂಗಸ್ ಲೆನ್ಸಿನ ಪಕ್ಕದಲ್ಲಿದ್ದರೂ ಏನಾಗುವುದಿಲ್ಲ. ಒದ್ದೆ ಕಪಾಟಿನಲ್ಲಿ ಇಟ್ಟರೆ ಒಂಟಿಯಾಗಿದ್ದರೂ ಬರುತ್ತದೆ.

ಆಟೋಫೋಕಸ್ ಭಕ್ತ
ನನ್ನ ಗೆಳೆಯನಿಗೆ ಒಂದರಿಂದ ಮೂರಕ್ಕೆ ಹರಡಿತ್ತು. ಕಣ್ಣಾರೆ ನೋಡಿದ್ದು.

ಪೆರ್ಲದ ಪೆನ್‌ಟಾರ್ಚ್
ಮೂರನ್ನೂ ಒಂದೇ ಚರ್ಮದ ಚೀಲದಲ್ಲಿ ಇಟ್ಟಿದ್ದರಾ?

ಆಟೋಫೋಕಸ್ ಭಕ್ತ
ಹೌದು. ಅದಕ್ಕೇನು?

ಪೆರ್ಲದ ಪೆನ್‌ಟಾರ್ಚ್
ಅದಕ್ಕೇ.

ಸ್ಟುಡಿಯೋ ಮಾಮ
ಚರ್ಮದ ಚೀಲ ಅಂದದ್ದು ಸರಿ. 1987ರಲ್ಲಿ ಕುಂಬಳೆಯಲ್ಲಿ ಸ್ಟುಡಿಯೋ ಇಟ್ಟವ ನಾನು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ನಮ್ಮ ಕಡೆಯ ಹಳೆ ಅಂಗಡಿಗಳಿಗೆ ಈ ಕ್ಯಾಮೆರಾಗಳು ಎರಡು ದಾರಿಯಿಂದ ಬರುತ್ತವೆ. ಒಂದು, ಬಾಗಿಲು ಹಾಕಿದ ಸ್ಟುಡಿಯೋ. ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ10, ಹೀಗೆ. ಇವು ದುಡಿದ ಪ್ರಾಣಿಗಳು. ಹೊರಗೆ ಪೇಂಟ್ ಹೋಗಿ ಹಿತ್ತಾಳೆ ಕಾಣುತ್ತದೆ, ಒಳಗೆ ಗಾಜು ಸ್ವಚ್ಛ. ಯಾಕೆಂದರೆ ದಿನಾ ಬೆಳಕು ಕಂಡಿದೆ. ಎರಡು, ಗಲ್ಫಿನ ಪೆಟ್ಟಿಗೆ. ಆ ಕಾಲದಲ್ಲಿ ದುಬಾಯಿಯಿಂದ ಬಂದವರ ಪೆಟ್ಟಿಗೆಯಲ್ಲಿ ಸೆಂಟು, ಟೇಪ್ ರೆಕಾರ್ಡರ್ ಜೊತೆಗೆ ಒಂದು ಯಾಶಿಕಾನೋ ಪೆಂಟಾಕ್ಸೋ ಇರುತ್ತಿತ್ತು. ತಂಗಿಯ ಮದುವೆಗೆ ಎರಡು ರೋಲು ತೆಗೆದು, ಚರ್ಮದ ಕವಚಕ್ಕೆ ಹಾಕಿ, ಕಪಾಟಿನಲ್ಲಿ ಸೀರೆಗಳ ಅಡಿಗೆ. ಮತ್ತೆ ಮೂವತ್ತು ಮಳೆಗಾಲ ಅದನ್ನು ಯಾರೂ ಮುಟ್ಟಿಲ್ಲ. ಹೊರಗೆ ನೋಡಿದರೆ ನಿನ್ನೆ ಕೊಂಡ ಹಾಗೆ ಫಳಫಳ, ಒಳಗೆ ಜೇಡರ ಬಲೆ. ಜನ ಹೊಳಪು ನೋಡಿ ಎರಡನೆಯದ್ದಕ್ಕೆ ಜಾಸ್ತಿ ಕೊಡುತ್ತಾರೆ. ನಾನಾದರೆ ಪೇಂಟ್ ಹೋದದ್ದನ್ನು ತಗೊಳ್ಳುತ್ತೇನೆ.

ನಮ್ಮ ಸ್ಟುಡಿಯೋ ಕಪಾಟಿನಲ್ಲಿ ವರ್ಷವಿಡೀ ಒಂದು ಸೊನ್ನೆ ಬಲ್ಬು ಉರಿಯುತ್ತಿತ್ತು. ಅದರ ಬಿಸಿಗೆ ಕಪಾಟು ಒಣಗಿರುತ್ತಿತ್ತು. ಹೆಂಡತಿ ಕರೆಂಟು ಬಿಲ್ಲಿಗೆ ಬೈಯುತ್ತಿದ್ದಳು. ಒಂದು ಲೆನ್ಸಿಗೂ ಬೂಷ್ಟು ಬರಲಿಲ್ಲ.

ಚೌಕಿಮನೆ
ಓಹ್, ಬೂಷ್ಟು! ಎಷ್ಟು ವರ್ಷ ಆಯಿತು ಈ ಶಬ್ದ ಕೇಳದೆ. ಮಲಯಾಳದಲ್ಲಿ ಪೂಪ್ಪಲ್. ಏಳು ಭಾಷೆಯ ಊರು ಅಂತ ಭಾಷಣ ಬಿಗಿಯುತ್ತೇವೆ, ಮಾತಾಡುವಾಗ ಎಲ್ಲರೂ ಫಂಗಸ್ಸೇ.

ಜತ್ತದ ಗೌಡ
ನಮಸ್ಕಾರ್ರಿ, ನಾನು ಮಹಾರಾಷ್ಟ್ರದ ಜತ್ತದಿಂದ. ನಮ್ಮ ಕಡೆ ಮಳೆಯೇ ಇಲ್ಲ, ಬೂಷ್ಟಿನ ಮಾತು ದೂರ ಉಳಿಯಿತು. ನಮ್ಮದು ಬೇರೆ ಗೋಳು, ಧೂಳು. ಸಾಂಗಲಿಯಲ್ಲಿ ಒಂದು ಹಳೆ ಅಂಗಡಿಯಿಂದ ಹೆಲಿಯೋಸ್ 44-2 ತಂದೆ. ಗಾಜು ಕನ್ನಡಿ ಇದ್ದ ಹಾಗಿದೆ. ಫೋಕಸ್ ತಿರುಗಿಸಿದರೆ ಮಾತ್ರ ಜೋಳ ಬೀಸಿದ ಹಾಗೆ ಕರಕರ ಅನ್ನುತ್ತದೆ. ನೀವು ಟಾರ್ಚ್ ಹಿಡಿಯಿರಿ, ನಮ್ಮಂಥವರು ಕಿವಿ ಹತ್ತಿರ ಹಿಡಿದು ತಿರುಗಿಸಬೇಕು ನೋಡ್ರಿ.

ತಲಪಾಡಿ ದಾಟಿದವ
ಗೌಡ್ರೇ, ಲೆನ್ಸು ಬದಲಿಸಿಕೊಳ್ಳೋಣ. ಮಳೆಗಾಲ ನಾಲ್ಕು ತಿಂಗಳು ನಮ್ಮದನ್ನು ನಿಮ್ಮಲ್ಲಿ ಇಡುತ್ತೇವೆ.

ಜತ್ತದ ಗೌಡ
ಬರ್ರಿ, ಬರುವಾಗ ಒಂದು ಟ್ಯಾಂಕರ್ ನೀರು ತರ್ರಿ.

ಉಪ್ಪಳದ ಇಚ್ಚ
ಟಾರ್ಚ್ ಟಾರ್ಚ್ ಅನ್ನುತ್ತೀರಿ, ಹೇಗೆ ನೋಡುವುದು ಅಂತ ಹುಡುಗನಿಗೆ ಸರಿಯಾಗಿ ಹೇಳಿ. ಲೆನ್ಸನ್ನು ಕ್ಯಾಮೆರಾದಿಂದ ಕಳಚಬೇಕು. ಅಂಗಡಿಯವರು "ಜಂಗು ಹಿಡಿದಿದೆ, ಬರುವುದಿಲ್ಲ" ಅಂದರೆ ಅಲ್ಲಿಗೇ ಬಿಟ್ಟು ಬನ್ನಿ. ಅಪರ್ಚರ್ (ಬೆಳಕು ಹೋಗುವ ತೂತು) ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಸ್ವಲ್ಪ ಓರೆಯಾಗಿ ನೋಡಿ. ನೇರ ನೋಡಿದರೆ ಕಣ್ಣು ಕೋರೈಸುತ್ತದೆ, ಏನೂ ಕಾಣುವುದಿಲ್ಲ. ಬೇರು ಬಿಟ್ಟ ಹಾಗೆ ಕವಲೊಡೆದಿದ್ದರೆ ಫಂಗಸ್. ಬಾಯಿಂದ ಉಸಿರು ಬಿಟ್ಟ ಹಾಗೆ ಇಡೀ ಗಾಜು ಮಬ್ಬಾಗಿದ್ದರೆ ಅದು ಹೇಝ್. ಅಂಚಿನಿಂದ ಎಣ್ಣೆ ಬಿದ್ದ ನೀರಿನ ಹಾಗೆ ಏಳು ಬಣ್ಣ ಕಂಡರೆ ಎರಡು ಗಾಜು ಅಂಟಿಸಿದ ಅಂಟು ಬಿಟ್ಟಿದೆ, ಅದನ್ನು ಮುಟ್ಟಬೇಡಿ. ನಾಲ್ಕು ಕಣ ಧೂಳಿದ್ದರೆ ಲೆಕ್ಕಕ್ಕಿಲ್ಲ. ಮುಂದಿನ ಗಾಜಿನಲ್ಲಿ ಸಣ್ಣ ಗೀರು ಇದ್ದರೂ ಫೋಟೋದಲ್ಲಿ ಕಾಣುವುದಿಲ್ಲ, ಹಿಂದಿನ ಗಾಜಿನಲ್ಲಿದ್ದರೆ ಕಾಣುತ್ತದೆ.

ಮತ್ತೆ ಅಪರ್ಚರ್ ರಿಂಗ್ ತಿರುಗಿಸಿ. ಎಲೆಗಳು ಟಪ್ಪಂತ ಮುಚ್ಚಬೇಕು. ನಿದ್ದೆಗಣ್ಣಲ್ಲಿ ಮುಚ್ಚಿದರೆ ಎಣ್ಣೆ ಹತ್ತಿದೆ ಅಂತ ಅರ್ಥ.

ಬದಿಯಡ್ಕದ ಬಡಪಾಯಿ
ಇಚ್ಚ, ಇದು ಬೇಕಿತ್ತು ನೋಡಿ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ. ಫಂಗಸ್ ಇದ್ದರೆ ನಾನೇ ಬಿಚ್ಚಿ ಕ್ಲೀನ್ ಮಾಡಬಹುದಾ? ವಿಡಿಯೋದಲ್ಲಿ ಹತ್ತು ನಿಮಿಷದ ಕೆಲಸ.

ಮಂಜೇಶ್ವರ ಮೀನು
ವಿಡಿಯೋದಲ್ಲಿ ಮದುವೆಯೂ ಹತ್ತು ನಿಮಿಷ.

ಪೆರ್ಲದ ಪೆನ್‌ಟಾರ್ಚ್
ನಾನು ಬಿಚ್ಚಿದ್ದೇನೆ. ಮೊದಲ ತಪ್ಪು, ಮನೆಯಲ್ಲಿದ್ದ ಪ್ಲಸ್ ಸ್ಕ್ರೂ ಡ್ರೈವರ್. ಜಪಾನಿನ ಸ್ಕ್ರೂ ನೋಡಲು ಒಂದೇ ಥರ, ತಲೆಯ ಗೆರೆ ಬೇರೆ. ಎರಡನೇ ಸ್ಕ್ರೂವಿಗೇ ತಲೆ ಸವೆದು ಗುಂಡಿ ಆಯಿತು. ಜೆಐಎಸ್ ಅಂತ ಬರುವ ಡ್ರೈವರ್ ತರಿಸಿ.

ಎರಡನೆಯದ್ದು ಇದಕ್ಕಿಂತ ಕಷ್ಟ. ಫೋಕಸ್ ಆಗುವ ಜಾಗದಲ್ಲಿ ಒಂದರೊಳಗೆ ಒಂದು ತಿರುಪಿನ ಕೊಳವೆ ಇರುತ್ತದೆ, ಹೆಲಿಕಾಯಿಡ್. ಅದಕ್ಕೆ ಕೂರಲು ಒಂದೇ ಬಾಯಿ ಅಲ್ಲ, ಹಲವು. ಬಿಚ್ಚುವಾಗ ಯಾವ ಜಾಗದಲ್ಲಿ ಕಳಚಿತೋ ಅಲ್ಲಿ ಮೊಳೆಯಿಂದ ಗೀರು ಹಾಕಿ ಇಡಬೇಕು. ನಾನು ಹಾಕಲಿಲ್ಲ. ರಾತ್ರಿ ಹನ್ನೊಂದರಿಂದ ಎರಡೂವರೆವರೆಗೆ ಒಂದೊಂದೇ ಬಾಯಿಗೆ ಕೂರಿಸಿ, ಕಿಟಕಿಯಿಂದ ದೂರದ ಮೊಬೈಲ್ ಟವರಿನ ಕೆಂಪು ದೀಪ ನೋಡಿ ನೋಡಿ ಪರೀಕ್ಷೆ ಮಾಡಿದೆ. ಇವತ್ತಿಗೂ ಆ ಲೆನ್ಸು ಹದಿನೈದು ಅಡಿಯ ಆಚೆ ಏನನ್ನೂ ಸ್ಪಷ್ಟ ತೋರಿಸುವುದಿಲ್ಲ. ಹೂವಿನ ಫೋಟೋಕ್ಕೆ ಇಟ್ಟುಕೊಂಡಿದ್ದೇನೆ.

ಫಂಗಸ್ ಮುಂದಿನ ಅಥವಾ ಹಿಂದಿನ ಗಾಜಿನ ಒಳಬದಿಯಲ್ಲಿ ಮಾತ್ರ ಇದ್ದರೆ ಹೆಲಿಕಾಯಿಡ್ ಮುಟ್ಟದೆ ತೆಗೆಯಬಹುದು. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಒರೆಸಿ. ಫಂಗಸ್ ಗಾಜಿನ ಮೇಲಿನ ಕೋಟಿಂಗನ್ನು ತಿಂದಾಗಿದ್ದರೆ ಕಲೆ ಹೋಗುವುದಿಲ್ಲ. ಸಣ್ಣ ಕಲೆಯಾದರೆ ಚಿತ್ರದಲ್ಲಿ ಕಾಣುವುದೂ ಇಲ್ಲ.

ನೀರ್ಚಾಲು ಭಾವ
ನನ್ನ ಲೆನ್ಸುಗಳೆಲ್ಲ ಅಮ್ಮನ ಹಪ್ಪಳದ ಡಬ್ಬಿಯಲ್ಲಿ. ಗಾಳಿಯಾಡದ ಮುಚ್ಚಳ, ಒಳಗೆ ನೀಲಿ ಸಿಲಿಕಾ ಜೆಲ್. ಗುಲಾಬಿ ಆದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ನೀಲಿ. ಅಡಿಗೆಯ ಬಾಣಲೆ ಬೇಡ, ನಾನು ಬೈಗುಳ ತಿಂದಾಗಿದೆ. ಅಕ್ಕಿಯಲ್ಲಿ ಹೂತಿಡಿ ಅನ್ನುವವರ ಮಾತು ಕೇಳಬೇಡಿ, ತೌಡಿನ ಧೂಳು ಒಳಗೆ ಹೋಗುತ್ತದೆ.

ಬದಿಯಡ್ಕದ ಬಡಪಾಯಿ (ಶನಿವಾರ, ಸಂಜೆ 7.40)
ತಗೊಂಡೆ!! 1800ಕ್ಕೆ, ಸತ್ತ ಕ್ಯಾಮೆರಾ ಸಮೇತ.

ಇಚ್ಚ ಹೇಳಿದ ಹಾಗೆ ಟಾರ್ಚ್ ಬಿಟ್ಟೆ. ಅಂಗಡಿಯ ಸಾಹೇಬ್ರು "ಚಿನ್ನ ನೋಡುತ್ತೀಯಾ ಮೋನೇ?" ಅಂತ ನಕ್ಕರು. ಫಂಗಸ್ ಇರುವುದು ಮುಂದಿನ ಗಾಜಿನ ಒಳಬದಿಯಲ್ಲಿ, ಉಗುರಿನ ತುದಿಯಷ್ಟು. ಅವರಿಗೂ ತೋರಿಸಿದೆ. ನೋಡಿದ ಮೇಲೆ ಅವರೇ ಏಳುನೂರು ಇಳಿಸಿದರು. ಪೇಟೆಯಲ್ಲಿ ಯಾರದ್ದೋ ಮನೆ ಕೆಡಹುವಾಗ ಬಂದದ್ದಂತೆ. ಮಾಮ ಹೇಳಿದ್ದು ಸರಿ, ಚರ್ಮದ ಕವಚದಲ್ಲೇ ಇತ್ತು. ಕವಚವನ್ನು ಅಲ್ಲಿಯೇ ಬಿಟ್ಟು ಬಂದೆ.

ಅಡಾಪ್ಟರ್ ನಿನ್ನೆಯೇ ಬಂದಿತ್ತು. ಹಾಕಿದೆ. ಪರದೆಯಲ್ಲಿ ಎಫ್ 00 ಅಂತ ತೋರಿಸುತ್ತದೆ. ಹಾಳಾಗಿದೆಯಾ?

ತಲಪಾಡಿ ದಾಟಿದವ
ಇಲ್ಲ ಇಲ್ಲ. ಲೆನ್ಸಿನಲ್ಲಿ ಚಿಪ್ ಇಲ್ಲದ ಕಾರಣ ಕ್ಯಾಮೆರಾಕ್ಕೆ ಎಷ್ಟು ಎಫ್ ಅಂತ ಗೊತ್ತಾಗುವುದಿಲ್ಲ. ಎವಿ ಮೋಡಿಗೆ ಹಾಕಿ, ಬೆಳಕಿನ ಲೆಕ್ಕ ಅದೇ ನೋಡಿಕೊಳ್ಳುತ್ತದೆ. ಲೆನ್ಸಿನ ಬುಡದಲ್ಲಿ ಎ, ಎಂ ಅಂತ ಒಂದು ಸಣ್ಣ ಗುಂಡಿ ಉಂಟಲ್ಲ, ಅದನ್ನು ಎಂಗೆ ತಳ್ಳಿ. ಇಲ್ಲದಿದ್ದರೆ ರಿಂಗ್ ಎಷ್ಟು ತಿರುಗಿಸಿದರೂ 1.4ರಲ್ಲೇ ನಿಂತಿರುತ್ತದೆ.

ಬದಿಯಡ್ಕದ ಬಡಪಾಯಿ
ಅದೇ ಆಗಿತ್ತು! ಈಗ ಸರಿ ಆಯಿತು. ಹಳದಿ ಇದ್ದರೂ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಸರಿಮಾಡಿದರೆ ಗೊತ್ತೇ ಆಗುವುದಿಲ್ಲ.

ಆಟೋಫೋಕಸ್ ಭಕ್ತ
ಅಭಿನಂದನೆ. ಈಗ ಒಂದು ಯಕ್ಷಗಾನ ಆಟದ ಫೋಟೋ ತೆಗೆದು ತೋರಿಸಿ. ಬಣ್ಣದ ವೇಷ ರಂಗಕ್ಕೆ ನುಗ್ಗುವಾಗ ಕೈಯಲ್ಲಿ ಫೋಕಸ್ ಮಾಡುತ್ತೀರಾ, ನೋಡೋಣ.

ಚೌಕಿಮನೆ
ಪತ್ತನಾಜೆ ಕಳೆದು ಎಷ್ಟು ದಿನ ಆಯಿತು ಭಕ್ತರೇ, ಮೇಳದವರು ಗೆಜ್ಜೆ ಬಿಚ್ಚಿ ಮನೆಯಲ್ಲಿದ್ದಾರೆ. ಈಗ ತಾಳಮದ್ದಳೆ ಕಾಲ. ಬಡಪಾಯಿ, ಇದು ನಿಮಗೆ ಹೇಳಿ ಮಾಡಿಸಿದ್ದು. ಅರ್ಥಧಾರಿಗಳು ಕೂತಲ್ಲೇ ಕೂತಿರುತ್ತಾರೆ, ಒಂದು ಮಾತಿಗೆ ಕಾಲು ಗಂಟೆ. ಫೋಕಸ್ ಮಾಡಿ, ಚಾ ಕುಡಿದು ಬಂದರೂ ಅಲ್ಲೇ ಇರುತ್ತಾರೆ. ಎಫ್ 2ಕ್ಕೆ ಇಡಿ, 1.4ರಲ್ಲಿ ಮೂಗು ಸ್ಪಷ್ಟ ಇದ್ದರೆ ಕಿವಿ ಮಸುಕು.

ಬದಿಯಡ್ಕದ ಬಡಪಾಯಿ (ಸೋಮವಾರ, ಬೆಳಿಗ್ಗೆ 6.55)
ನಿನ್ನೆ ರಾತ್ರಿ ನಮ್ಮಲ್ಲಿಯೇ ಒಂದು ತಾಳಮದ್ದಳೆ ಇತ್ತು, ಹೋಗಿದ್ದೆ. ನೂರ ಹನ್ನೆರಡು ತೆಗೆದೆ, ಇಪ್ಪತ್ತಾರು ಸರಿ ಬಂದಿದೆ. ಒಂದರಲ್ಲಿ ಭಾಗವತರು ಕಣ್ಣು ಮುಚ್ಚಿ ಜಾಗಟೆಯ ಮೇಲೆ ಕೋಲು ಎತ್ತಿದ್ದಾರೆ. ಹಿಂದೆ ಮದ್ದಳೆಯವರು ಹೊಗೆಯ ಹಾಗೆ ಕರಗಿದ್ದಾರೆ. ಅದನ್ನು ಮನೆಯಲ್ಲಿ ದೊಡ್ಡದು ಮಾಡಿ ನೋಡಿದೆ, ರೆಪ್ಪೆಯ ಕೂದಲು ಎಣಿಸಬಹುದು. 18-55ರಲ್ಲಿ ಈ ಬೆಳಕಿಗೆ ಕ್ಯಾಮೆರಾ ತೆಗೆಯುತ್ತಲೇ ಇರಲಿಲ್ಲ.

ಆಟೋಫೋಕಸ್ ಭಕ್ತ
ಉಳಿದ ಎಂಬತ್ತಾರು ಏನಾಯಿತು?

ಬದಿಯಡ್ಕದ ಬಡಪಾಯಿ
ಅದರಲ್ಲಿ ಮೈಕ್ ಸ್ಪಷ್ಟ ಬಂದಿದೆ.

ಸ್ಟುಡಿಯೋ ಮಾಮ
ಮೊದಲ ದಿನಕ್ಕೆ ಇಪ್ಪತ್ತಾರು ಜಾಸ್ತಿಯೇ ಆಯಿತು. ಬಾಡಿ ಏನು ಮಾಡಿದೆ? ಬಿಸಾಡಬೇಡ.

ಬದಿಯಡ್ಕದ ಬಡಪಾಯಿ
ಅಮ್ಮ ಶೋಕೇಸಿನಲ್ಲಿ ನನ್ನ ಏಳನೇ ಕ್ಲಾಸಿನ ಕಪ್ಪಿನ ಪಕ್ಕ ಇಟ್ಟಾಗಿದೆ. ಮಾಮ, ಆ 135 ತಲೆಯಿಂದ ಹೋಗುತ್ತಿಲ್ಲ. ಶನಿವಾರ ದುಡ್ಡು ಸಾಲಲಿಲ್ಲ, ಆದರೆ ನೋಡಿದೆ. ಅದೂ ಟಾಕುಮಾರ್, 135 ಎಫ್ 3.5. ಗಾಜು ನೀರಿನ ಹಾಗೆ. ನಾಡಿದ್ದು ಸಂಬಳ, ಆ ದಿನವೇ ಹೋಗಿ ತರುತ್ತೇನೆ.

ಬದಿಯಡ್ಕದ ಬಡಪಾಯಿ (ಬುಧವಾರ, ಸಂಜೆ 6.20)
ಹೋಗಿ ಬಂದೆ. ಸೋಮವಾರ ಮಧ್ಯಾಹ್ನವೇ ಯಾರೋ ಬಂದು ಟಾರ್ಚ್ ಬಿಟ್ಟು ನೋಡಿ ಕೊಂಡುಹೋದರಂತೆ. "ನಿನ್ನ ಹಾಗೆಯೇ ಓರೆ ಓರೆ ನೋಡಿದ" ಅಂದರು ಸಾಹೇಬ್ರು.

ಮೌನಿ_671
ಕ್ಷಮಿಸಿ. ಮಳೆ ಬಂತು, ಓಡಿ ಹೋಗಿ ನಿಂತೆ.